ಎರಡು ಮುಖದ ಅಂತರಪಟ

ಅಂತರಪಟವೆಂದರೆ ಮುಹೂರ್ತ ಕೂಡಿಬರುವತನಕ ವಧುವರರ ನಡುವೆ ಹಿಡಿಯುವ ಬಿಳಿ ಬಟ್ಟೆ. ಮಂಗಳಾಷ್ಟಕ ಮುಗಿದು ಅಕ್ಕಿಕಾಳು ಬೀಳುವ ಹೊತ್ತಿಗೆ ಅದನ್ನು ಸರ್ರನೆ ಸರಿಸಿಬಿಡುತ್ತಾರೆ. ಅಲ್ಲಿಗೆ ಅದರ ನೌಕರಿ ಮುಗಿಯಿತು. ಇಷ್ಟು ಸಣ್ಣ ನೌಕರಿಗೆ ಹಿಂದೆ ಯಾರದೋ ಹೆಗಲ ಮೇಲಿನ ಶಲ್ಯವೇ ಸಾಕಾಗುತ್ತಿತ್ತು. ಈಗ ಫೋಟೋದಲ್ಲಿ ಕಾಣುತ್ತದೆಂದು ಜರಿ, ಮಣಿ, ಗೊಂಡೆ ಹಚ್ಚಿದ ಸಿದ್ಧ ಪಟಗಳು ಅಂಗಡಿಗೆ ಬಂದಿವೆ. ಅವುಗಳ ಚೆಂದವೆಲ್ಲ ಒಂದೇ ಮಗ್ಗುಲಿಗೆ. ಪಟದ ಎರಡೂ ಕಡೆ ಬೀಗರು ನಿಂತಿರುತ್ತಾರೆಂಬುದು ತಯಾರಿಸಿದವರಿಗೆ ಹೊಳೆದಿಲ್ಲ. ಹೆಣ್ಣಿನ ಕಡೆಯವರು ನವಿಲನ್ನು ನೋಡುತ್ತಿದ್ದರೆ ಗಂಡಿನ ಕಡೆಯವರು ನವಿಲಿನ ಹೊಟ್ಟೆಯೊಳಗಿನ ಗಂಟು, ಜೋತುಬಿದ್ದ ದಾರಗಳನ್ನು ನೋಡುತ್ತ ನಿಲ್ಲಬೇಕು. ಮನಸ್ತಾಪಕ್ಕೆ ಇಷ್ಟು ಸಾಕು.

ಮಲಪ್ರಭೆಯ ದಂಡೆಯ ಮೆಣಸಗಿಯಂಥ ಊರಿನವರು ಇದಕ್ಕೆ ಉಪಾಯವನ್ನು ದೂರ ಹುಡುಕಬೇಕಿಲ್ಲ. ಧಾರವಾಡ ಸೀಮೆಯ ಕಸೂತಿ ಇದೆ. ಊರಿರುವ ರೋಣ ತಾಲ್ಲೂಕು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಹೊಸ ಗದಗ ಜಿಲ್ಲೆಗೆ ಹೋಯಿತು. ಆ ಆದೇಶ ಸೂಜಿಗೆ ಇನ್ನೂ ಮುಟ್ಟಿದಂತಿಲ್ಲ. ಇಳಕಲ್ಲ ಸೀರೆಯ ಮೇಲೆ ಹಾಕುವ ಈ ಕಸೂತಿಯಲ್ಲಿ ಹೊಲಿಗೆ ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತ್ಯ. ಮೊದಲಿನೆರಡು ಬಟ್ಟೆಯ ಎರಡೂ ಮಗ್ಗುಲಿಗೆ ಒಂದೇ ತೆರನಾಗಿ ಕಾಣುತ್ತವೆ. ಅಂತರಪಟಕ್ಕೆ ಬೇಕಾದವು ಅವೇ.

ಬಟ್ಟೆಯನ್ನು ನೆನೆಹಾಕಿ, ಕುಗ್ಗುವಷ್ಟು ಕುಗ್ಗಿಸಿದ ಮೇಲೆಯೇ ಕತ್ತರಿಸಬೇಕು. ಕೆಂಪು ದಾರವನ್ನೂ ಒಮ್ಮೆ ನೀರಿಗೆ ಹಾಕಿ ಪರೀಕ್ಷಿಸುವುದು ಒಳ್ಳೆಯದು. ಬಣ್ಣ ಬಿಟ್ಟರೆ ಮೊದಲ ತೊಳೆತಕ್ಕೇ ಪಟವೆಲ್ಲ ಗುಲಾಬಿ. ಅಗಲ ಒಂದೂವರೆ ಮೀಟರಿದ್ದರೆ ಸಾಕು. ಎತ್ತರಕ್ಕೆ ಮಾತ್ರ ವರನ ಅಳತೆ ನೋಡಬೇಕು, ಇಲ್ಲವಾದರೆ ಅವನು ಇಣುಕುತ್ತಾನೆ.

ಕಸೂತಿಗೆ ನಕ್ಷೆ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸುತ್ತಲೇ ಹೊಲಿಯಬೇಕು. ಮ್ಯಾಟಿ ಬಟ್ಟೆಯಾದರೆ ಎಣಿಕೆ ಸುಲಭ. ನಯವಾದ ಬಟ್ಟೆಯಾದರೆ ಮೇಲೊಂದು ಜಾಳು ಬಟ್ಟೆ ಟಾಕಿ, ಅದರ ಎಳೆ ಎಣಿಸಿ ಹೊಲಿದು, ಕೊನೆಗೆ ಆ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಟಾಕು ಹಾಕುತ್ತ ಹೋಗುತ್ತದೆ, ಬರುವಾಗ ಬಿಟ್ಟಲ್ಲೆಲ್ಲ ತುಂಬುತ್ತ ಬರುತ್ತದೆ. ಗಂಟು ಹಾಕುವಂತಿಲ್ಲ, ದಾರದ ತುದಿ ಹೊಲಿಗೆಯಡಿಯೇ ಅಡಗಬೇಕು. ಒಂದೇ ಒಂದು ಎಳೆ ತಪ್ಪಿದರೂ ಗೋಪುರ ವಾಲುತ್ತದೆ. ಅದು ಹೊಲಿಯುವವಳಿಗಿಂತ ಮೊದಲು, ಕನ್ನಡಕ ಮರೆತು ಬಂದ ಅತ್ತೆಗೆ ಕಾಣುತ್ತದೆ: “ಯವ್ವಾ, ಒಂದ ಎಳಿ ತಪ್ಪೇತಿ, ಬಿಚ್ಚ.” ಬಿಚ್ಚುವುದು ಈ ಕಲೆಯ ಐದನೆಯ ಹೊಲಿಗೆ, ಹೆಚ್ಚು ಅಭ್ಯಾಸವಾಗುವುದೂ ಅದೇ.

ಎರಡು ಮುಖದ ಹೊಲಿಗೆಗೂ ಒಂದು ತೊಡಕಿದೆ. ಬೆನ್ನ ಮಗ್ಗುಲಿಗೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಒಂದು ಕಡೆ ಬಲಕ್ಕೆ ತಿರುಗಿದ ಸ್ವಸ್ತಿಕ ಇನ್ನೊಂದು ಕಡೆ ಎಡಕ್ಕೆ. ಪುರೋಹಿತರು ನೋಡದಿದ್ದರೆ ಪುಣ್ಯ. ಈಗಿನ ರೂಢಿಯಂತೆ ವಧುವರರ ಹೆಸರು ಹೊಲಿದರಂತೂ ಒಂದು ಕಡೆಯ ಬೀಗರಿಗೆ ಅಳಿಯನ ಹೆಸರನ್ನು ಉಲ್ಟಾ ಓದುವ ಭಾಗ್ಯ. ಬಟ್ಟೆಯನ್ನು ಜೋಡಿ ಪದರ ಮಾಡಿದರೆ ತೊಡಕು ತೀರುತ್ತದೆ, ಜೊತೆಗೆ ಗವಂತಿಯ ಹಿರಿಮೆಯೂ ತೀರುತ್ತದೆ. ಎಡಬಲ ಸಮನಾಗಿರುವ ಗೋಪುರ, ತುಳಸಿಕಟ್ಟೆ, ಕಮಲಗಳನ್ನು ಆರಿಸಿಕೊಳ್ಳುವುದೇ ಜಾಣತನ. ಅಂಬಾರಿಯ ಆನೆಯೂ ನಡೆದೀತು: ಯಾವ ಮಗ್ಗುಲಿಂದ ನೋಡಿದರೂ ಅದು ಹೊರಟಿರುವುದು ಒಂದೇ ದಿಕ್ಕಿಗೆ. ಅದು ಊಟದ ಪೆಂಡಾಲಿನ ದಿಕ್ಕಾಗಿದ್ದರೆ ಯಾರದೂ ತಕರಾರಿರುವುದಿಲ್ಲ.

ಮದುವೆ ಮುಗಿದ ಮೇಲೆ ಅರಿಶಿನದ ಕಲೆ ಹತ್ತಿದ ಪಟವನ್ನು ತೊಳೆದು ಬಿಸಿಲಿಗೆ ಹಾಕಬೇಕು. ಅರಿಶಿನಕ್ಕೆ ಸಾಬೂನಿಗಿಂತ ಬಿಸಿಲೇ ಮೇಲು. ಹೆಸರು ಹೊಲಿದ ಪಟ ಟ್ರಂಕು ಸೇರುತ್ತದೆ. ಹೆಸರಿಲ್ಲದ್ದು ಅಣ್ಣತಮ್ಮಂದಿರ ಮನೆಗಳಲ್ಲಿ ಮದುವೆಯಿಂದ ಮದುವೆಗೆ ತಿರುಗುತ್ತಿರುತ್ತದೆ. ತೊಳೆದು ಕೊಡುವವರು ಯಾರೆಂಬುದನ್ನು ಮಾತ್ರ ಕೊಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು.