ತೇಗಿಗೂ ತೆರಿಗೆ

ಡೆನ್ಮಾರ್ಕ್ 2030ರಿಂದ ದನದ ತೇಗಿಗೆ ತೆರಿಗೆ ಹಾಕಲಿದೆ. ಇಂಗಾಲದ ಡೈ ಆಕ್ಸೈಡ್ ಲೆಕ್ಕದಲ್ಲಿ ಟನ್ನಿಗೆ 300 ಕ್ರೋನರ್‌ನಿಂದ ಶುರು, 2035ಕ್ಕೆ 750. ನ್ಯೂಜಿಲೆಂಡ್ ಕೂಡ 2022ರಲ್ಲಿ ಇದೇ ದಾರಿ ಹಿಡಿದಿತ್ತು. ರೈತರು ಟ್ರ್ಯಾಕ್ಟರ್ ಸಮೇತ ಬೀದಿಗಿಳಿದರು, ಸರ್ಕಾರ ಬದಲಾಯಿತು, 2024ರಲ್ಲಿ ಆ ಮಾತೂ ಮುಗಿಯಿತು.

ತೇಗು ಸಣ್ಣ ಅಪರಾಧವೇನಲ್ಲ. ದನದ ದೊಡ್ಡ ಹೊಟ್ಟೆಯಲ್ಲಿ ಮೇವು ಹುದುಗುವಾಗ ಸೂಕ್ಷ್ಮಜೀವಿಗಳು ಮೀಥೇನ್ ಹುಟ್ಟಿಸುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈ ಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಶಾಖ ಹಿಡಿಯುತ್ತದೆ. ಅದರ ಬಹುಪಾಲು ಹೊರಬೀಳುವುದು ಬಾಯಿಂದ. ಈ ವಿಷಯಕ್ಕೆ ಕಿಸಕ್ಕನೆ ನಗುವವರು ದನದ ತಪ್ಪು ತುದಿ ನೋಡಿ ನಗುತ್ತಿದ್ದಾರೆ.

ಈಗ ಯುರೋಪಿನ ಕಾರ್ಬನ್ ಲೆಕ್ಕಿಗನೊಬ್ಬ ಶಹಾಪುರದಲ್ಲಿ ಇಳಿದು, ಟಂಟಂ ಹತ್ತಿ ದೋರನಹಳ್ಳಿಗೆ ಬಂದ ಅನ್ನಿ.

‘ಬೀಫ್ ಫಾರಂ ಎಲ್ಲಿದೆ?’

ಕಟ್ಟೆ ಮೇಲಿನ ಕಾಕಾ: ‘ಫಾರಂ ಇಲ್ರಿ ಸಾಹೇಬ್ರ. ಎತ್ತ ಅದಾವ.’

‘ಮಾಂಸ ಎಷ್ಟು ಕಿಲೋ?’

‘ಮಾಂಸಕ್ಕ ಸಾಕಿಲ್ರಿ.’

‘ಹಾಲು?’

‘ಎತ್ತ ಹಾಲ ಕೊಡ್ತಾವೇನ್ರಿ?’

ಒಂದು ಕಿಲೋ ಮಾಂಸಕ್ಕೆ ಎಷ್ಟು ಅನಿಲ, ಒಂದು ಲೀಟರ್ ಹಾಲಿಗೆ ಎಷ್ಟು, ಇದು ಅವನ ಅಳತೆ. ಸೊನ್ನೆಯಿಂದ ಭಾಗಿಸಿ ನೋಡಿದ, ಕ್ಯಾಲ್ಕುಲೇಟರ್ ಕೈಚೆಲ್ಲಿತು. ಅಂದಮೇಲೆ ಭೂಮಿಯ ಮೇಲಿನ ಅತಿ ಘೋರ ಪ್ರಾಣಿ ಯಾವುದು? ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಬಳಿಸಿಕೊಂಡು, ಗೊಂಡೆ ಕಟ್ಟಿಸಿಕೊಂಡು, ಮೆಲುಕು ಹಾಕುತ್ತ ನಿಂತ ಈ ಮುದಿ ಎತ್ತು. ಒಂದು ಹನಿ ಡೀಸೆಲ್ ಸುಡದೆ ಅದು ಉತ್ತ ಹೊಲವನ್ನು ಯಾವ ಕಾಲಂನಲ್ಲಿ ಬರೆಯಬೇಕೋ ಲೆಕ್ಕಿಗನಿಗೆ ತೋಚಲಿಲ್ಲ. ನಾರಾಯಣಪುರ ಕಾಲುವೆಯ ನೀರು ನಿಂತ ಭತ್ತದ ಗದ್ದೆಗಳೂ ಮೀಥೇನ್ ಬಿಡುತ್ತವೆ. ಆದರೆ ಗದ್ದೆ ತೇಗಿದ ಸದ್ದು ಕೇಳಿಸುವುದಿಲ್ಲವಲ್ಲ, ಬಚಾವಾಯಿತು.

ನಮ್ಮವರೇನು ಕಡಿಮೆಯೇ? ರಾಜ್ಯದ 1964ರ ಗೋಹತ್ಯೆ ತಡೆ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತಿಗೆ ಕಸಾಯಿಖಾನೆಯ ದಾರಿ ತೆರೆದಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಅದನ್ನು ಮುಚ್ಚಿ, 13 ದಾಟಿದ ಎಮ್ಮೆ-ಕೋಣಗಳಿಗಷ್ಟೇ ಕಿಂಡಿ ಬಿಟ್ಟಿತು. ಎತ್ತು ಉಳಿಯಿತು, ಸಂತೋಷ. ಉಳಿದ ಎತ್ತಿನ ಮೇವಿನ ಖರ್ಚು ಮಾತ್ರ ರೈತನ ಹೆಗಲಿಗೇ ಬಂತು. ವೇದಿಕೆಯ ಮೇಲೆ ಗೋಮಾತೆಗೆ ಹಾರ, ಕೊಟ್ಟಿಗೆಯಲ್ಲಿ ಬರೇ ಜೋಳದ ಕಣಕಿ. ಒರಟು ಒಣಮೇವು ತಿಂದಷ್ಟೂ ಹೊಟ್ಟೆಯಲ್ಲಿ ಅನಿಲ ಹೆಚ್ಚು. ನಮ್ಮ ಭಕ್ತಿಯೂ ಹಸಿರುಮನೆ ಅನಿಲವನ್ನೇ ಹೆಚ್ಚಿಸುತ್ತಿದೆ ಎಂದರೆ ಯಾರಿಗಾದರೂ ಸಿಟ್ಟು ಬಂದೀತು, ಇರಲಿ.

2030ರೊಳಗೆ ಮೀಥೇನ್ ಶೇ. 30 ಇಳಿಸುವ ಗ್ಲಾಸ್ಗೊ ಪ್ರತಿಜ್ಞೆಗೆ 2021ರಲ್ಲಿ ಭಾರತ ಸೇರಲಿಲ್ಲ. ಸಣ್ಣ ರೈತರ ಹೊಟ್ಟೆಪಾಡಿನ ಪ್ರಶ್ನೆ ಎಂದಿತು. ಮಾತು ಸರಿಯೇ. ದೆಹಲಿಗೆ ಸಣ್ಣ ರೈತನ ನೆನಪಾಗುವುದು ಸಹಿ ಹಾಕದಿರುವಾಗ ಮಾತ್ರ ಎಂಬುದೂ ಅಷ್ಟೇ ಸರಿ.

ಮದ್ದು ಇಲ್ಲವೆಂದಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ, ಒಗರು ಸಸ್ಯಗಳಿಂದ ‘ಹರಿತ್ ಧಾರಾ’ ಎಂಬ ಪೂರಕ ಮೇವು ತಯಾರಿಸಿದೆ. ಮೀಥೇನ್ ಶೇ. 17ರಿಂದ 20ರಷ್ಟು ಇಳಿಯುತ್ತದೆ, ಹಾಲೂ ಏರುತ್ತದೆ ಎನ್ನುತ್ತಾರೆ ಅದನ್ನು ರೂಪಿಸಿದವರು.

ಪಶುಸಂಗೋಪನಾ ಇಲಾಖೆಯವರೇ, ವಿಚಾರ ಸಂಕಿರಣದ ಬ್ಯಾನರ್ ಆಮೇಲೆ ಕಟ್ಟಿ. ಮೊದಲು ಆ ಚೀಲಗಳನ್ನು ಶಹಾಪುರದ ಹಿಂಡಿ ಅಂಗಡಿಗೆ ತರಿಸಿ, ಹತ್ತಿಕಾಳಿನ ಹಿಂಡಿಯ ಪಕ್ಕದಲ್ಲೇ ಇಡಿಸಿ, ಹಿಂಡಿಗಿಂತ ಅಗ್ಗದಲ್ಲಿ ಸಿಗುವಂತೆ ಮಾಡಿ.