ಟೂರ್ ಭಾವ

ಯಾರೂ ಕೇಳದಿದ್ದರೂ ಕುಟುಂಬದ ಪ್ರವಾಸದ ಏರ್ಪಾಡನ್ನು ಮೈಮೇಲೆ ಎಳೆದುಕೊಳ್ಳುವವರು ಪ್ರತಿ ಬಳಗದಲ್ಲೂ ಒಬ್ಬರಿರುತ್ತಾರೆ. ಬೆಂಗಳೂರಿನಲ್ಲಿ ಇವರು ಸಾಮಾನ್ಯವಾಗಿ ಭಾವ, ಬ್ಯಾಂಕಿನಿಂದ ನಿವೃತ್ತರು. ಇವರ ಪ್ರತಿಭೆ ಪೂರ್ತಿ ಬೆಳಗುವುದು ಕುಪ್ಪಳಿಯ ಕವಿಮನೆಯಂಥ ಜಾಗಕ್ಕೆ ಹೊರಟಾಗ.

ಮೊದಲ ಘಟ್ಟ ವಾಟ್ಸ್‌ಆ್ಯಪ್ ಗುಂಪು. ಯಾರಾದರೂ ‘ಕುವೆಂಪು ಹುಟ್ಟಿದ ಮನೆ ನೋಡೋಣ’ ಎಂದು ಬರೆದರೆ ಭಾವ ತಕ್ಷಣ ತಿದ್ದುತ್ತಾರೆ: 1904ರ ಡಿಸೆಂಬರ್ 29ರಂದು ಕವಿ ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ; ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಇದಕ್ಕೆ ಹದಿನಾಲ್ಕು ಹೆಬ್ಬೆರಳುಗಳು ಬರುತ್ತವೆ. ‘ಯಾವತ್ತು ಹೊರಡೋಣ?’ ಎಂಬುದಕ್ಕೆ ಒಂದೂ ಬರುವುದಿಲ್ಲ. ಮಳೆಗಾಲವಾದರೆ ಉಂಬಳದ ಭಯ, ಬೇಸಿಗೆಯಲ್ಲಿ ಮದುವೆಗಳು. ಕೊನೆಗೆ ಭಾವನೇ ದಿನ ಗೊತ್ತುಮಾಡಿ ಟಿಟಿಗೆ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ.

ಎರಡನೆಯದು ವೇಳಾಪಟ್ಟಿ. ಬೆಳಗಿನ ಜಾವ 4ಕ್ಕೆ ಪ್ರಯಾಣ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ 45 ನಿಮಿಷ, ಸಕ್ರೆಬೈಲಿನಲ್ಲಿ ಆನೆಗಳ ಸ್ನಾನಕ್ಕೆ 30, ತೀರ್ಥಹಳ್ಳಿಯಲ್ಲಿ ಊಟಕ್ಕೆ 60, ಕವಿಮನೆಗೆ 40, ಕವಿಶೈಲಕ್ಕೆ 20, ಆಮೇಲೆ ಆಗುಂಬೆಯ ಸೂರ್ಯಾಸ್ತ. ಕವಿಮನೆಗಿಂತ ಇಡ್ಲಿಗೆ ಹೆಚ್ಚು ಹೊತ್ತು ಸಿಕ್ಕಿರುವುದನ್ನು ಯಾರೂ ಆಕ್ಷೇಪಿಸುವುದಿಲ್ಲ.

ಮೂರನೆಯದು ಜಾರಿ. ಬೀದಿಯ ಕೊನೆ ತಲುಪಿದ ಮೇಲೆ ಅಕ್ಕನಿಗೆ ಗ್ಯಾಸ್ ಆಫ್ ಮಾಡಿದ್ದರ ಬಗ್ಗೆ ಅನುಮಾನ ಹುಟ್ಟುವುದರಿಂದ ಗಾಡಿ ನಿಜವಾಗಿ ಹೊರಡುವುದು 6ಕ್ಕೆ. ಸಕ್ರೆಬೈಲಿಗೆ ಬರುವಷ್ಟರಲ್ಲಿ ಆನೆಗಳು ಮಿಂದು ಕಾಡಿಗೆ ಮರಳಿರುತ್ತವೆ. ತಡವಾದ ಹೊತ್ತನ್ನು ಎಲ್ಲಿಂದಾದರೂ ಕಳೆಯಲೇಬೇಕು. ಇಡ್ಲಿ ಹೊಟ್ಟೆ ಸೇರಿದೆ, ಸೂರ್ಯ ಕಾಯುವುದಿಲ್ಲ. ಕತ್ತರಿ ಬೀಳುವುದು ಕವಿಮನೆಗೆ.

ಆ ಮನೆ ಅವಸರದವರಿಗಾಗಿ ಕಟ್ಟಿದ್ದಲ್ಲ. ಮೂರು ಅಂತಸ್ತು, ಹೆಂಚಿನ ಮಾಡು, ನಡುವೆ ತೊಟ್ಟಿ, ಸುತ್ತ ಭಾರಿ ಮರದ ಕಂಬಗಳು, ಕವಿಯ ಮದುವೆಯ ಮಂಟಪ, ಹಳೆಯ ಕಾಲದ ಮನೆಬಳಕೆಯ ಸಾಮಾನು. ಅತ್ತೆ ಒಂದು ಪಾತ್ರೆಯ ಮುಂದೆ ನಿಂತು, ಇಂಥದ್ದೇ ತಮ್ಮ ಮನೆಯಲ್ಲಿತ್ತೆಂದೂ ಮಾವ ಅದನ್ನು ಗುಜರಿಗೆ ಹಾಕಿದರೆಂದೂ ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಅಕ್ಕ ಇಷ್ಟು ದೊಡ್ಡ ಮನೆಯನ್ನು ಯಾರು ಗುಡಿಸುತ್ತಿದ್ದರೆಂದು ಲೆಕ್ಕ ಹಾಕುತ್ತಾಳೆ. ಭಾವ ಮಾತ್ರ ಬಾಗಿಲ ಬಳಿ ವಾಚು ನೋಡುತ್ತ, ಚಪ್ಪಲಿ ಕಾಯುತ್ತ, ಹೊರಬಂದ ತಲೆಗಳನ್ನು ಎಣಿಸುತ್ತಿರುತ್ತಾರೆ.

ಕವಿಶೈಲದಲ್ಲಿ 1994ರಲ್ಲಿ ಕುವೆಂಪು ಅವರ ಅಂತ್ಯಸಂಸ್ಕಾರ ನಡೆದ ಜಾಗವಿದೆ, ಸುತ್ತ ಕಲ್ಲುಕಂಬಗಳ ಸ್ಮಾರಕವಿದೆ. ಅಲ್ಲಿನ ಬಂಡೆಯ ಮೇಲೆ ಬಿ.ಎಂ.ಶ್ರೀ. ಮತ್ತು ಕುವೆಂಪು ಕೊರೆದ ಹೆಸರುಗಳನ್ನು ಕಂಡು ಸೋದರಳಿಯ ಕೀಲಿಕೈ ತೆಗೆಯುತ್ತಾನೆ. “ಮೊದಲು ಒಂದು ‘ಶ್ರೀ ರಾಮಾಯಣ ದರ್ಶನಂ’ ಬರಿ, ಆಮೇಲೆ ಕೊರಿ” ಎಂದು ಭಾವ ಕೈ ಹಿಡಿಯುತ್ತಾರೆ. ಇಡೀ ಪ್ರವಾಸದಲ್ಲಿ ಸಾಹಿತ್ಯದ ಚರ್ಚೆ ಇಷ್ಟೇ.

ಆಗುಂಬೆಯಲ್ಲಿ ಮೋಡ ಕವಿದಿರುತ್ತದೆ. ಕೊನೆಯ ಘಟ್ಟ ಲೆಕ್ಕಪತ್ರ: ಟೋಲು, ಡೀಸೆಲ್, ಡ್ರೈವರ್ ಬಾಟಾ ಸೇರಿಸಿ ತಲೆಗಿಷ್ಟೆಂದು ಪೈಸೆ ಸಹಿತ ಹಂಚಿದ ಎಕ್ಸೆಲ್ ಹಾಳೆ ಮಾರನೆಯ ಬೆಳಿಗ್ಗೆ ಗುಂಪಿಗೆ ಬರುತ್ತದೆ.

ಭಾವನನ್ನು ಆಡಿಕೊಳ್ಳುವವರೆಲ್ಲ ವರ್ಷಗಟ್ಟಲೆ ‘ಒಂದ್ಸಲ ಕುಪ್ಪಳಿಗೆ ಹೋಗ್ಬೇಕು’ ಎನ್ನುತ್ತಲೇ ಇದ್ದವರು. ಅವರು ಆ ಮನೆ ಕಂಡದ್ದು ಭಾವನ ದೆಸೆಯಿಂದ. ಒಳಗೆ ಕಾಲಿಡದವರು ಭಾವ ಒಬ್ಬರೇ. ಹಾಗಾಗಿ ಬೀಗರ ಕಡೆಯವರನ್ನು ಕರೆದುಕೊಂಡು ಮತ್ತೊಮ್ಮೆ ಹೊರಡುವ ಪ್ಲಾನು ತಯಾರಾಗಿದೆ. ಉಪ್ಪರಿಗೆಗೆಂದೇ ಅದರಲ್ಲಿ ಐದು ನಿಮಿಷ ಇಟ್ಟಿದ್ದಾರೆ.