ಬದನೀಕಾಯಿ ಡೈರೆಕ್ಟರ್

(ಅಫಜಲಪುರ ತಾಲೂಕಿನ ಒಂದು ಹಳ್ಳಿ. ತರಕಾರಿ ಬೆಳೆಗಾರರಿಗೆ ತರಬೇತಿ. ಆಳಂದ, ಜೇವರ್ಗಿಯಲ್ಲಿ ಮುಗಿಸಿ ಬಂದ ಫ್ಲೆಕ್ಸು. ಊರಿನ ಹೆಸರಿನ ಮೇಲಷ್ಟೇ ಹೊಸ ಚೀಟಿ.)

ಸಾಹೇಬರು: ಕಾಕಾ, ಇನ್ನು ಇಡೀ ದೇಶವೇ ನಿಮ್ಮ ಮಾರುಕಟ್ಟೆ! 2016ರಲ್ಲೇ ಇ-ನಾಮ್ ಎಂಬ ಆನ್‌ಲೈನ್ ಮಾರುಕಟ್ಟೆ ಬಂದಿದೆ.

ಕಾಕಾ: ಅದು ಬಂದದ್ರಿ. ನಮ್ಮ ಹೊಲಕ್ಕ ಟಂಟಂ ಬರವಲ್ದು.

ಸಾಹೇಬರು: ಹತ್ತು ಜನ ರೈತರು ಸೇರಿದರೆ ಉತ್ಪಾದಕರ ಕಂಪನಿ ಕಟ್ಟಬಹುದು. ಇಂಥ 10,000 ಸಂಸ್ಥೆ ಕಟ್ಟಲು 2020ರಲ್ಲೇ ಕೇಂದ್ರದ ಯೋಜನೆ ಬಂದಿದೆ. ನೀವೇ ಡೈರೆಕ್ಟರ್!

ಕಾಕಾ: ಡೈರೆಕ್ಟರ್ ಆದ್ಮ್ಯಾಲ ಬಾಡಿಗಿ, ಹಮಾಲಿ ಯಾರ್ ಕೊಡೋದ್ರಿ?

ಸಾಹೇಬರು: ಕಂಪನಿ. ಅಂದ್ರೆ... ನೀವೇ.

ಕಾಕಾ: ಹಂಗಾದ್ರ ಮೂವತ್ತು ವರ್ಷದಿಂದ ನಾ ಡೈರೆಕ್ಟರೇ ಇದ್ದೀನ್ ಬಿಡ್ರಿ.

ಸಾಹೇಬರು: ಬ್ರ್ಯಾಂಡಿಂಗ್ ಬೇಕು ಕಾಕಾ! ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಗಲಿಲ್ಲವೇ?

ಕಾಕಾ: ತೊಗರಿ ಚೀಲ ಕಟ್ಟಿ ಒಟ್ಟಿದ್ರ ಆರು ತಿಂಗಳ ಕಾಯ್ತದ. ಬದನೀಕಾಯಿ ನಿಮ್ಮ ಭಾಷಣ ಮುಗಿಯೋತನಾನೂ ತಡಿಯಾಂಗಿಲ್ರಿ.

(ಚಪ್ಪಾಳೆ. ಸಾಹೇಬರು ಅದನ್ನು ತಮಗೇ ಅಂದುಕೊಂಡರು. ಪಾಪ, ಒಳ್ಳೆಯವರು, ಸಂತೆಗೆ ಹೋದವರಲ್ಲ ಅಷ್ಟೆ.)

ಮಧ್ಯಾಹ್ನದ ಊಟಕ್ಕೆ ಜೋಳದ ರೊಟ್ಟಿ, ಎಣ್ಣಿಗಾಯಿ. ಬದನೀಕಾಯಿಯನ್ನು ಸಾಹೇಬರ ಜೀಪಿನಲ್ಲೇ ಕಲಬುರಗಿಯಿಂದ ತಂದಿದ್ದರು.